ಮುಟ್ಟದೆ ಅಳೆಯುವ ಮಿಷನ್ನು

ಸಿಡಿಲು ಬಡಿಯಬಹುದಿತ್ತು. ಸುತ್ತ ಒಂದು ಮರವೂ ಇಲ್ಲದ ಬಯಲಿನಲ್ಲಿ ಮೂರು ಅಂತಸ್ತಿನಷ್ಟು ಎತ್ತರದ ಕಬ್ಬಿಣದ ಟ್ಯಾಂಕು, ಅದರ ನೆತ್ತಿಯ ಮೇಲೆ ನಾನು ಕೂರಿಸಿದ ಉಪಕರಣ. ಸಿಡಿಲಿಗೆ ಇದಕ್ಕಿಂತ ಅನುಕೂಲವಾದ ಜಾಗ ಇನ್ನೆಲ್ಲಿ ಸಿಕ್ಕೀತು? ಇಲಿಗಳು ಕೇಬಲ್ ಕಡಿಯಬಹುದಿತ್ತು. ಸಿಹಿಯ ವಾಸನೆಗೆ ಆ ಆವರಣದಲ್ಲಿ ಬೆಕ್ಕಿನ ಗಾತ್ರದ ಇಲಿಗಳಿದ್ದವು. ಟ್ಯಾಂಕು ತುಂಬಿದಾಗ ಅದರ ಹೊಟ್ಟೆ ಉಬ್ಬುತ್ತದೆ, ಉಬ್ಬಿದಾಗ ಛಾವಣಿ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಛಾವಣಿಯ ಮೇಲೆ ಕೂತ ಉಪಕರಣ ತಾನೂ ಇಳಿದು ಸುಳ್ಳು ಹೇಳಬಹುದಿತ್ತು. ಬಿಸಿಲಿಗೆ ಎದ್ದ ಆವಿ ರಾತ್ರಿ ತಣಿದು ಆಂಟೆನಾದ ಮೂತಿಗೆ ಹನಿಗಟ್ಟಬಹುದಿತ್ತು. ನಮ್ಮ ಕಡೆಯ ಕರೆಂಟು ತನ್ನ ಸ್ವಭಾವದಂತೆ ಒಮ್ಮೆ ಸತ್ತು ಒಮ್ಮೆ ನೆಗೆದು ಒಳಗಿನ ಬೋರ್ಡನ್ನು ಸುಡಬಹುದಿತ್ತು. ಛಾವಣಿಯ ತಗಡು ತುಕ್ಕು ಹಿಡಿದು ಎಲ್ಲೋ ಒಂದೆಡೆ ಹಪ್ಪಳವಾಗಿದ್ದು, ನಾನು ಸರಿಯಾಗಿ ಅಲ್ಲೇ ಕಾಲಿಟ್ಟು ಒಳಕ್ಕೆ ಹೋಗಬಹುದಿತ್ತು. ಇದರ ಬಗ್ಗೆ ನಾನು ಹೆಚ್ಚು ಯೋಚಿಸಿದ್ದೆ. ಕಾಕಂಬಿಯಲ್ಲಿ ಬಿದ್ದವನು ಬೇಗ ಮುಳುಗುವುದೂ ಇಲ್ಲ, ಈಜಲಿಕ್ಕೂ ಆಗುವುದಿಲ್ಲ. ಆಮೇಲೆ ಹೆಣಕ್ಕೆ ಇರುವೆ ಮುತ್ತುತ್ತವೆ.

ಇಷ್ಟನ್ನೂ ನಾನು ದಿನಾ ಮಗ್ಗಿಯಂತೆ ಒಪ್ಪಿಸಿಕೊಳ್ಳುತ್ತಿದ್ದೆ. "ಚಿಂತೆ ಮಾಡಕ್ಕೆ ಏನೂ ಸಿಗ್ದೆ ಹೋದ್ರೆ ಅದಕ್ಕೂ ಚಿಂತೆ ಮಾಡ್ತೀರಿ" ಎಂದು ನನ್ನ ಹೆಂಡತಿ ಹೇಳುವುದುಂಟು. ಹೇಳುವಾಗಲೂ ಅವಳು ಹೊಳೆನರಸೀಪುರದ ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ಅಡ್ಡ ನಿಂತಿರುತ್ತಿದ್ದಳು. ಸ್ನಾನವಾಗದೆ ನನಗೆ ಒಳಗೆ ಪ್ರವೇಶವಿರಲಿಲ್ಲ. ನಮ್ಮದು ಅರ್ಚಕರ ವಂಶ. ತಾತ ಉದ್ಧರಣೆಯಲ್ಲಿ ತೀರ್ಥ ಅಳೆದರು. ನಾನು ಟ್ಯಾಂಕಿನಲ್ಲಿ ಕಾಕಂಬಿ ಅಳೆಯಲು ಹೋದೆ.

ಕಾಕಂಬಿ ಎಂದರೆ ಸಕ್ಕರೆಯನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಕರಿ ಪಾಕ. ಬಾಟಲಿಯಲ್ಲಿ ಸ್ವಲ್ಪ ಹಿಡಿದು ನೋಡಿದರೆ ಜೋನಿಬೆಲ್ಲದ ನೆಂಟನಂತೆ ಕಾಣುತ್ತದೆ. ಒಂದು ಟ್ಯಾಂಕು ತುಂಬ, ಬೇಸಗೆಯಲ್ಲಿ, ತಿಂಗಳುಗಟ್ಟಲೆ ನಿಂತ ಕಾಕಂಬಿ ಬೇರೆಯೇ ಪ್ರಾಣಿ. ಅದು ಹುಳಿಯುತ್ತದೆ, ಗುಳುಗುಳು ಎನ್ನುತ್ತದೆ, ಮೇಲೆ ಕೊಳೆತ ದೋಸೆಹಿಟ್ಟಿನಂಥ ನೊರೆ ಕಟ್ಟುತ್ತದೆ. ಆ ನೊರೆಯಲ್ಲಿ ನೊಣ, ಜಿರಳೆ, ಒಂದೊಂದು ಸಲ ಹಲ್ಲಿ. ವಾಸನೆ ಅಂಗಿಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗುವುದಿಲ್ಲ. ಗಂಟಲಿಗೆ ಹತ್ತಿದರೆ ಕಾಫಿಯೂ ಅದೇ, ತಿಳಿಸಾರೂ ಅದೇ. ಆ ವರ್ಷ ಯುಗಾದಿಯ ಹೋಳಿಗೆಯನ್ನು ನಾನು ಮುಟ್ಟಲಿಲ್ಲ. ಹೂರಣವೂ ಅದೇ ವಾಸನೆ ಹೊಡೆಯಿತು.

ಚನ್ನರಾಯಪಟ್ಟಣದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಒಬ್ಬ ಖಾಸಗಿ ಧಣಿಯ ದಾಸ್ತಾನು ಅದು. ಕಾರ್ಖಾನೆಗಳಿಂದ ಕಾಕಂಬಿ ಕೊಂಡು ತುಂಬಿಸಿ, ಬೇಕಾದವರಿಗೆ ಟ್ಯಾಂಕರುಗಳಲ್ಲಿ ಸಾಗಿಸುತ್ತಿದ್ದರು. ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಆಗಷ್ಟೇ ಕಣ್ಣು ಬಿಡುತ್ತಿತ್ತು. ಹಾಸನದಲ್ಲಿದ್ದ ನಮ್ಮ ಸಣ್ಣ ಕಂಪನಿ, ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತಾನಾಗಿ ಹೇಳುವ ಉಪಕರಣಗಳನ್ನು ಕೂರಿಸುವ ಕೆಲಸ ಹಿಡಿದಿತ್ತು. ಕೂರಿಸುವವನು ನಾನು.

ಅಲ್ಲಿಯವರೆಗೆ ಟ್ಯಾಂಕನ್ನು ಅಳೆಯುತ್ತಿದ್ದವನು ಬಾಗೂರು ಕಡೆಯ ಒಬ್ಬಾತ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಟ್ಯಾಂಕಿಗೆ ಸುತ್ತಿಕೊಂಡ ಕಬ್ಬಿಣದ ಮೆಟ್ಟಿಲನ್ನು ಹತ್ತಿ, ಮುಚ್ಚಳ ತೆಗೆದು, ತುದಿಗೆ ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಇಳಿಬಿಡುವುದು ಆತನ ಕೆಲಸ. ಕಾಕಂಬಿಯಲ್ಲಿ ಗುಂಡು ತಳ ಮುಟ್ಟುವ ಹೊತ್ತಿಗೆ ಒಂದು ಬೀಡಿ ಸೇದಿ ಮುಗಿಸಬಹುದು. ಆದ್ದರಿಂದ ತುಂಬಿದ್ದನ್ನು ಅಳೆಯದೆ, ಬಾಯಿಂದ ಮೇಲ್ಮೈಯವರೆಗಿನ ಖಾಲಿ ಜಾಗವನ್ನು ಅಳೆದು ಒಟ್ಟು ಎತ್ತರದಲ್ಲಿ ಕಳೆಯುತ್ತಿದ್ದರು. ಪ್ರತಿ ಟ್ಯಾಂಕರು ಖಾಲಿ ಮಾಡುವ ಮೊದಲೊಂದು ಅಳತೆ, ಆದ ಮೇಲೊಂದು ಅಳತೆ. ಅಳತೆಯಿಲ್ಲದೆ ಪಂಪು ಹಾಕುವಂತಿಲ್ಲ. ಅದು ಅಲ್ಲಿನ ಮುರಿಯದ ನಿಯಮ.

ಕೇಡೆಂದರೆ, ಹುಳಿಯುವ ಕಾಕಂಬಿಯಿಂದ ಏಳುವ ಗಾಳಿ ಉಸಿರಿಗೆ ಆಗುವಂಥದ್ದಲ್ಲ. ಗಾಳಿಗಿಂತ ಭಾರ; ಮುಚ್ಚಳದ ಕೆಳಗೆ ಕಾದು ಕೂತಿರುತ್ತದೆ. ಹಿಂದಿನ ಬೇಸಗೆಯಲ್ಲಿ ಅಳತೆಯಾತ ಬಗ್ಗಿದವನು ಬಗ್ಗಿದಂತೆಯೇ ಕುಸಿದಿದ್ದ. ಕಂಬಿಗೆ ತೋಳು ಸಿಕ್ಕಿಕೊಂಡಿದ್ದರಿಂದ ಉಳಿದ. ಆಮೇಲೆ ಉಸಿರು ಮೊದಲಿನಂತಾಗಲೇ ಇಲ್ಲ.

"ಮೂಗ್ ಮುಚ್ಕಂಡ್ರೆ ಆಗಕಿಲ್ಲ ಸಾ, ಉಸ್ರೇ ಇಡ್ಕಬೇಕು" ಎಂದು ಮೊದಲ ದಿನವೇ ನನಗೆ ಪಾಠ ಹೇಳಿದ. "ಆಸನದ ಡಾಕ್ಟ್ರು ಮೆಟ್ಲು ಅತ್ಲೇಬ್ಯಾಡ ಅಂದವ್ರೆ. ಮನೇಜರ್ರು, ಮಿಷನ್ ಸರಿಯಾಗಿ ತೋರ್ಸೋಗಂಟ ಅತ್ತು, ಆಮೇಕೆ ಗೇಟ್ತಾವ ಕೂರುಸ್ತೀನಿ ಅಂದವ್ರೆ. ಅತ್ತಕಿಲ್ಲ ಅಂದ್ರೆ ಮನೇಗ್ ಓಗು ಅಂತಾರೆ. ಬ್ಯಾಗ ಮಾಡ್ಕೊಡಿ ಸಾ, ನಿಮ್ ದಮ್ಮಯ್ಯ."

ಹೀಗೆ ಒಬ್ಬ ಮನುಷ್ಯನ ಪುಪ್ಪುಸ ನನ್ನ ಸ್ಪ್ಯಾನರಿಗೆ ನೇತುಬಿದ್ದಿತು. ಚಿಂತೆ ಮಾಡುವವನಿಗೆ ಇಂಥದ್ದನ್ನು ಹೇಳಬಾರದು.

ಟ್ಯಾಂಕಿನ ಮಟ್ಟ ಅಳೆಯಲು ಹಲವು ಉಪಾಯಗಳಿವೆ. ಹಳೆಯದು ತೇಲುವ ಗುಂಡಿನದು: ಮೇಲ್ಮೈ ಏರಿದಂತೆ ಗುಂಡು ಏರುತ್ತದೆ, ಅದಕ್ಕೆ ಕಟ್ಟಿದ ಪಟ್ಟಿ ಹೊರಗಿನ ಡಬ್ಬಿಯಲ್ಲಿ ಅಂಕಿ ತಿರುಗಿಸುತ್ತದೆ. ಈ ಟ್ಯಾಂಕಿನಲ್ಲೂ ಹಿಂದೊಮ್ಮೆ ಅದನ್ನು ಹಾಕಿದ್ದರಂತೆ. ಪಟ್ಟಿಗೆ ಪಾಕ ಹತ್ತಿ ಗುಂಡು ಅಂಟಿಕೊಂಡು, ಕಿತ್ತು ಎಸೆದಿದ್ದರು. ಇನ್ನೊಂದು ಬಗೆಯಲ್ಲಿ ಮೋಟಾರು ಒಂದು ತೂಕವನ್ನು ತಂತಿಯಲ್ಲಿ ಇಳಿಸುತ್ತದೆ. ದ್ರವಕ್ಕೆ ತಾಗಿದಾಗ ತೂಕ ಹಗುರವಾಗುವುದೇ ಗುರುತು. ತೂಕಕ್ಕೇ ಕಾಕಂಬಿ ಮೆತ್ತಿಕೊಂಡರೆ ಅದೂ ಕೆಟ್ಟಿತು. ನಾವು ತಂದದ್ದು ರೇಡಾರು. ಮೇಲಿನಿಂದ ಅಲೆಯೊಂದನ್ನು ಕೆಳಕ್ಕೆ ಬಿಡುತ್ತದೆ. ಅದು ಮೇಲ್ಮೈಗೆ ಬಡಿದು ಹಿಂದಿರುಗುವ ಹೊತ್ತಿನಿಂದ ದೂರ ಗೊತ್ತಾಗುತ್ತದೆ. ಬಾವಿಗೆ ಕೂಗು ಹಾಕಿ ನೀರು ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡಿದ ಹಾಗೆ. "ಇದು ಏನನ್ನೂ ಮುಟ್ಟುವುದೇ ಇಲ್ಲ" ಎಂದು ನಾನು ಧಣಿಗೆ, ಮ್ಯಾನೇಜರಿಗೆ, ಅಳತೆಯಾತನಿಗೆ, ಗೇಟಿನ ವಾಚ್‌ಮನ್ನಿಗೆ ಸಹ ಹೇಳಿಕೊಂಡು ತಿರುಗಿದೆ. ಮುಟ್ಟದ ಯಂತ್ರವನ್ನು ಕೂರಿಸಲು ನಾನು ಮಾತ್ರ ಎಲ್ಲವನ್ನೂ ಮುಟ್ಟಬೇಕಾಯಿತು.

ಮೊದಲು ಛಾವಣಿಯಲ್ಲಿ ಖಾಲಿ ಇದ್ದ ಒಂದು ಬಾಯಿಯ ಮೇಲೆ ಕೂರಿಸಿದೆವು. ಬೇರೆ ತೂತು ಕೊರೆಯಲು ಮ್ಯಾನೇಜರು ಒಪ್ಪಲಿಲ್ಲ. ಒಳಗೆ ಹುಳಿದ ಆವಿ ಇರುವಾಗ ಕಿಡಿ ಹಾರಿಸುವ ಧೈರ್ಯ ನನಗೂ ಇರಲಿಲ್ಲ. ಅಲೆ ಹೋಗಿ ನೊರೆಯಲ್ಲಿ ಇಂಗಿಹೋಯಿತು. ನೊರೆ ಅರ್ಧ ನುಂಗಿ ಅರ್ಧ ಉಗುಳುತ್ತದೆ. ಅಂಕಿ ಬೆಳಿಗ್ಗೆಯೊಂದು, ಮಧ್ಯಾಹ್ನವೊಂದು. ಅಳತೆಯಾತ ಹತ್ತಿ ಇಳಿದು ಏದುಸಿರು ಬಿಡುತ್ತ ಸರಿಯಾದ ಅಂಕಿ ಹೇಳುತ್ತಿದ್ದ, ನಾನು ತಲೆ ತಗ್ಗಿಸುತ್ತಿದ್ದೆ.

ಉಳಿದದ್ದು ಒಂದೇ ದಾರಿ. ಹಳೆಯ ತೇಲುಗುಂಡಿನ ಕಾಲದ ಒಂದು ಕೊಳವೆ ಛಾವಣಿಯಿಂದ ತಳದವರೆಗೆ ನೆಟ್ಟಗೆ ಇಳಿದಿತ್ತು. ಮೈತುಂಬ ಸೀಳುಗಳು, ಕಾಕಂಬಿ ಒಳಗೂ ಅದೇ ಮಟ್ಟದಲ್ಲಿ ನಿಲ್ಲುತ್ತದೆ, ಆದರೆ ನೊರೆ ಹೊರಗೇ ಉಳಿಯುತ್ತದೆ. ಅದರ ಮುಚ್ಚಳ ತೆಗೆದು, ಬಾಯಿಗೆ ರೇಡಾರನ್ನೇ ಬೋಲ್ಟು ಹಾಕಿ ಬಿಗಿದೆ. ಕೈಯಳತೆಗೆ ಪಕ್ಕದ ಇನ್ನೊಂದು ಮುಚ್ಚಳವಿತ್ತು. ಟ್ಯಾಂಕು ಆಗ ಮುಕ್ಕಾಲು ತುಂಬಿತ್ತು. ಟೇಪು ಹೇಳಿದ್ದನ್ನೇ ರೇಡಾರೂ ಹೇಳಿತು. ಅಳತೆಯಾತ ಟ್ಯಾಂಕಿಗೆ ಕೈಮುಗಿದ. ನಾನು ಒಳಗೊಳಗೇ ಕೈಮುಗಿದೆ.

ವಾರ ಕಳೆಯುವುದರೊಳಗೆ ಹಾಸನದ ಆಫೀಸಿಗೆ ಮ್ಯಾನೇಜರ ಫೋನು.

"ಏನ್ರೀ ಇಂಜಿನಿಯರೇ, ನಿಮ್ ಮಿಷನ್ನು ನಿದ್ದೆ ಹೊಡೀತಾ ಇದೆ. ಬೆಳಿಗ್ಗೆಯಿಂದ ಟ್ಯಾಂಕರ್ ಮೇಲೆ ಟ್ಯಾಂಕರ್ ಹೊರಕ್ಕೆ ಹೋಗ್ತಾ ಇದಾವೆ, ಇದು ಕಲಿತ ಗಿಣಿ ಥರ ಒಂದೇ ನಂಬರ್ ಹೇಳ್ತಾ ಕೂತಿದೆ. ಧಣಿಗಳು ಕೇಳಿದ್ರೆ ನಾನೇನ್ ಹೇಳ್ಲಿ? ನಿಮ್ ಹೆಸರೇ ಹೇಳ್ತೀನಿ."

ಹೋಗಿ ನೋಡಿದೆ. ನಿಜ. ಮಟ್ಟ ಅರ್ಧಕ್ಕೆ ಇಳಿಯುವವರೆಗೆ ಸರಿಯಾಗಿ ಇಳಿದ ಅಂಕಿ ಅಲ್ಲಿಗೆ ಬಂದು ಮೊಂಡೆತ್ತಿನಂತೆ ನಿಂತಿತ್ತು. ಕೆಳಗೆ ಎಷ್ಟು ಖಾಲಿಯಾದರೂ ಅಲೆ ಅದೇ ಎತ್ತರದಿಂದ ಹಿಂದಿರುಗುತ್ತಿತ್ತು. ಅಳತೆಯಾತ ಮತ್ತೆ ಹತ್ತುತ್ತಿದ್ದ. ನಾನು ನೋಡುತ್ತಿದ್ದಂತೆಯೇ ಎರಡು ಕಡೆ ನಿಂತು, ಕಂಬಿಗೆ ಹಣೆ ಆನಿಸಿ, ಆಮೇಲೆ ಮೇಲೆ ಹೋದ.

ನಮ್ಮ ಹಿರಿಯ ಅಧಿಕಾರಿಗೆ ಫೋನು ಮಾಡಿದೆ. ಅವರಿಗೆ ಯೋಚನೆಯೇ ಬೇಕಾಗಲಿಲ್ಲ. "ಸುಳ್ಳು ಪ್ರತಿಧ್ವನಿ ಕಣ್ರೀ. ಆ ದೂರಾನ ಮಾಸ್ಕ್ ಮಾಡಿ, ಸೈನ್ ಹಾಕಿಸ್ಕೊಂಡು ಬಂದ್ಬಿಡಿ."

ಮಾಸ್ಕ್ ಎಂದರೆ, ಇಂಥ ದೂರದಲ್ಲಿ ಏನು ಕಂಡರೂ ಕಾಣಲಿಲ್ಲ ಎಂದುಕೋ ಎಂದು ಉಪಕರಣಕ್ಕೆ ಹೇಳಿಕೊಡುವುದು. ನಮ್ಮ ಮದುವೆ ಮನೆಗಳಲ್ಲಿ ಹಿರಿಯರು ಮಾಡುವುದೂ ಅದನ್ನೇ. ಬಟನ್ನು ಒತ್ತಿದರೆ ಮುಗಿಯಿತು, ಮನೆಗೆ ಹೋಗಬಹುದು, ಸ್ನಾನ ಮಾಡಬಹುದು. ಆದರೆ ನಾಳೆ ಕಾಕಂಬಿಯೇ ಸರಿಯಾಗಿ ಆ ಎತ್ತರಕ್ಕೆ ಬಂದು ನಿಂತರೆ? ಉಪಕರಣ ಅದನ್ನೂ ಕಾಣಲಿಲ್ಲ ಎನ್ನುತ್ತದೆ, ಇನ್ನೆಲ್ಲೋ ಹೋಗಿ ಅಂಟಿಕೊಳ್ಳುತ್ತದೆ. ಅನುಮಾನ ಬಂದ ಕೂಡಲೆ ಮ್ಯಾನೇಜರು ಯಾರನ್ನು ಮೇಲಕ್ಕೆ ಹತ್ತಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾನು ಬಟನ್ನು ಒತ್ತಲಿಲ್ಲ. ಧೈರ್ಯವೆಂದುಕೊಳ್ಳಬೇಡಿ, ಒತ್ತಿದ್ದರೆ ಆ ಚಿಂತೆಯನ್ನು ನಿವೃತ್ತಿಯವರೆಗೆ ಹೊರಬೇಕಿತ್ತು, ಅಷ್ಟೆ. ಕೊಳವೆ ಬಿಚ್ಚಿ ಕಣ್ಣಾರೆ ನೋಡುವುದು ಎಂದು ತೀರ್ಮಾನಿಸಿದೆ.

ಮಾರನೆಯ ದಿನ ಬಿಸಿಲು ನೆತ್ತಿಗೆ ಬಂದ ಮೇಲೆ ಹತ್ತಿದೆವು. ಬೆಳಕು ಕೊಳವೆಯೊಳಕ್ಕೆ ಇಳಿಯಬೇಕಿತ್ತು. ಆ ಆವಿಯಲ್ಲಿ ಸಾಮಾನ್ಯ ಟಾರ್ಚು ಒಯ್ಯುವುದು ಸಲ್ಲದು. ವಾಚ್‌ಮನ್ನಿನ ಗಡ್ಡ ಹೆರೆಯುವ ಕನ್ನಡಿಯನ್ನು ಬೇಡಿ ತಂದಿದ್ದೆ. ಛಾವಣಿ ಕಾದ ಕಾವಲಿ, ಅದರ ಮೇಲೆ ವರ್ಷಗಳಿಂದ ಚೆಲ್ಲಿದ ಕಾಕಂಬಿ ಕರಗಿ ಅಂಟು; ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ನೊಣಗಳು ಕಣ್ಣಿನ ಕೊನೆಗೇ ಬಂದು ಕೂರುತ್ತಿದ್ದವು. ಅಳತೆಯಾತನನ್ನು ಮೆಟ್ಟಿಲ ತುದಿಯಲ್ಲೇ ನಿಲ್ಲಿಸಿ, ಬೋಲ್ಟುಗಳನ್ನು ಬಿಚ್ಚಿ, ಉಪಕರಣವನ್ನು ಪಕ್ಕಕ್ಕೆ ಸರಿಸಿ, ಗಾಳಿ ಹೋಗಲೆಂದು ದೂರ ನಿಂತು ಕಾದೆ. ಆಮೇಲೆ ಉಸಿರು ಹಿಡಿದು ಕನ್ನಡಿಯಿಂದ ಬಿಸಿಲನ್ನು ಕೊಳವೆಯೊಳಕ್ಕೆ ತಿರುಗಿಸಿದೆ.

ಅರ್ಧದಲ್ಲಿ ಏನೋ ಫಳಕ್ಕೆಂದಿತು. ನಾನು ಹಿಂದೆ ಸರಿದು ಉಸಿರು ಬಿಟ್ಟೆ. ಏನು ಕಂಡಿತೆಂದು ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಪಾತಾಳಗರಡಿ ತರ್ಸ್ಲಾ ಸಾ?" ಎಂದ ಅಳತೆಯಾತ.

ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗೊಂಚಲು ಅದು. ನಾನು ಆತನ ಮುಖ ನೋಡಿದೆ. ಆತ ಆವರಣದಾಚೆಗಿದ್ದ ನಾಲೆಯ ಕಡೆ ನೋಡಿದ.

ಹತ್ತಿರದ ಮನೆಯೊಂದರಿಂದ ಪಾತಾಳಗರಡಿ ಬಂತು. ಇಳಿಸಿ, ಕದಲಿಸಿ, ಎಳೆದಾಗ ಮೊದಲು ಬಂದದ್ದು ನೈಲಾನ್ ಹಗ್ಗದ ಸಿಕ್ಕು, ಅದರ ಹಿಂದೆ ಒಂದು ಸ್ಟೀಲಿನ ಚೊಂಬು. ಕೊಳವೆಯ ಒಳಕ್ಕೆ ಚಾಚಿದ್ದ ಹಳೆಯ ಬೋಲ್ಟಿಗೆ ಹಗ್ಗ ಸುತ್ತಿಕೊಂಡು, ಚೊಂಬು ಬಾಯಿ ಮೇಲೆ ಮಾಡಿ ತೂಗುತ್ತಿತ್ತು. ಟ್ಯಾಂಕು ತುಂಬಿದ್ದಾಗ ಅದು ಮುಳುಗಿದ್ದರಿಂದ ರೇಡಾರಿಗೆ ಕಂಡಿರಲಿಲ್ಲ. ಮಟ್ಟ ಇಳಿದದ್ದೇ ತಡ, ಅಲೆ ಚೊಂಬಿಗೆ ಬಡಿದು ವಾಪಸಾಗುತ್ತಿತ್ತು. ಚೊಂಬಿನೊಳಗೆ ಡಾಂಬರಿನಂತೆ ಹೆಪ್ಪುಗಟ್ಟಿದ ಕಾಕಂಬಿ, ಅದರಲ್ಲಿ ಅರ್ಧ ಕರಗಿದ ಇಲಿಮರಿ, ಬಾಲ ಮಾತ್ರ ಪೂರ್ತಿ. ನಾನು ಕಂಬಿ ಹಿಡಿದು ಟ್ಯಾಂಕಿನ ಆಚೆ ಬದಿಗೆ ವಾಂತಿ ಮಾಡಿದೆ. ಎರಡನೆಯ ಸಲ ಕೊಕ್ಕೆ ಇಳಿಸಿದಾಗ ಅದರ ತದ್ರೂಪಿ ಇನ್ನೊಂದು ಚೊಂಬು ಬಂತು.

"ಒಂದ್ ನಂದು ಸಾ" ಎಂದ ಅಳತೆಯಾತ. "ಇನ್ನೊಂದ್ ಯಾರ್ದೋ. ದನಕ್ಕೆ ಬೂಸಾದಲ್ಲಿ ಒಂದೀಟ್ ಕಲ್ಸಾಕಕ್ಕೆ ಎಲ್ರೂ ತಕತಿದ್ವು. ಈ ಪೈಪಲ್ಲಾದ್ರೆ ನೊರೆ ಇರಕಿಲ್ಲ, ಚೊಕ್ಕಾಗ್ ಬತ್ತದೆ."

ನೊರೆ ಇಲ್ಲವೆಂದು ನಾನು ಹುಡುಕಿಕೊಂಡು ಬಂದ ಜಾಗವನ್ನು ಊರಿನ ದನಗಳು ಎಷ್ಟೋ ವರ್ಷ ಮೊದಲೇ ಆರಿಸಿಕೊಂಡಿದ್ದವು.

"ಅಲ್ಲಯ್ಯಾ, ಹತ್ತಿ ಹತ್ತಿ ಸಾಯ್ತಾ ಇರೋನು ನೀನು. ಮೊದ್ಲೇ ಒಂದ್ ಮಾತು ಹೇಳೋದಲ್ವಾ?"

"ನೀವೇ ಏಳುದ್ರಲ್ಲ ಸಾ, ಈ ಮಿಷನ್ನು ಏನ್ನೂ ಮುಟ್ಟಕಿಲ್ಲ ಅಂತ. ಮುಟ್ದೇ ಇದ್ಮ್ಯಾಲೆ ಚೊಂಬಿದ್ರೇನು ಕೊಡ ಇದ್ರೇನು ಅಂದ್ಕಂಡೆ ಕಣ್ ಸಾ."

ಚೊಂಬುಗಳನ್ನು ಗೋಣಿಚೀಲದಲ್ಲಿ ಹಿಡಿದು ಮ್ಯಾನೇಜರ ಮುಂದಿಟ್ಟೆ. ಅವರು ಪಂಚೆಯಂಚಿಗೆ ತಾಗದಂತೆ ಕುರ್ಚಿ ಹಿಂದಕ್ಕೆ ಸರಿಸಿ, ಕಾಗದದ ಚೂರಿನಿಂದ ಒಂದರ ಕುತ್ತಿಗೆ ಒರೆಸಿದರು. ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ: ಗೃಹಪ್ರವೇಶದ ನೆನಪಿಗೆ. ಕೆಳಗೆ ಅವರದೇ ಹೆಸರು, ಅವರ ಶ್ರೀಮತಿಯವರ ಹೆಸರು. ಎರಡನೆಯದರ ಮೇಲೂ ಅದೇ.

ಮ್ಯಾನೇಜರು ಚೊಂಬನ್ನು ಹೆಸರು ಕಾಣದಂತೆ ತಿರುಗಿಸಿಟ್ಟರು. "ಇಂಥವು ಊರ್ ತುಂಬ ಹಂಚಿದೀನಿ ಕಣ್ರೀ. ಯಾರದು ಅಂತ ಹೇಗೆ ಹೇಳೋದು? ಬಿಡಿ, ಆದದ್ದಾಯ್ತು. ಧಣಿಗಳಿಗೆ ಚೊಂಬು ಅಂತ ಹೇಳಕ್ ಹೋಗ್ಬೇಡಿ. ಟೆಕ್ನಿಕಲ್ ಪ್ರಾಬ್ಲಂ ಅನ್ನಿ."

ಹೊರಗೆ ಬಂದ ಮೇಲೆ ಅಳತೆಯಾತ ಮೆಲ್ಲಗೆ ಹೇಳಿದ: "ಅವರ್ ಮನೆ ಜರ್ಸಿ ಅಸೀಗೂ ಇದೇ ಪೈಪಿಂದು ಸಾ. ನಾನೇ ತಕೊಟ್ಟಿವ್ನಿ."

ಅಸಹ್ಯ ಬಂತು. ಅದು ಕಾಕಂಬಿಯದೋ ಮನುಷ್ಯರದೋ ಎಂದು ಬೇರೆ ಮಾಡುವುದು ನನ್ನಿಂದ ಆಗಲಿಲ್ಲ. ನಾನೂ ಕೊನೆಗೆ ಹಾಳೆಯಲ್ಲಿ ಟೆಕ್ನಿಕಲ್ ಪ್ರಾಬ್ಲಂ ಎಂದೇ ಬರೆದೆ.

ಆ ಬೋಲ್ಟಿನ ತುದಿ ಕೊಳವೆಯ ಒಳಗೇ ಉಳಿಯಿತು. ಅಷ್ಟು ಸಣ್ಣದರಿಂದ ಅಲೆಗೆ ತೊಂದರೆಯಿಲ್ಲ ಎಂದು ಖಾತ್ರಿ ಮಾಡಿಕೊಂಡು ರೇಡಾರನ್ನು ಮತ್ತೆ ಬಿಗಿದೆ. ಟ್ಯಾಂಕನ್ನು ತಳದವರೆಗೆ ಇಳಿಸಿ, ಮತ್ತೆ ತುಂಬಿಸಿ, ಏರುವಾಗೊಮ್ಮೆ ಇಳಿಯುವಾಗೊಮ್ಮೆ ಟೇಪಿನ ಜತೆ ತಾಳೆ ನೋಡಿದೆವು. ಎಲ್ಲ ಕಡೆ ಸರಿ ಹೋಯಿತು. ಛಾವಣಿಯ ಇಳಿತವನ್ನೂ ಲೆಕ್ಕಕ್ಕೆ ಹಿಡಿದೆ. ಸಿಡಿಲಿಗೆ ಕಂಬ, ಕೇಬಲ್ಲಿಗೆ ಕಬ್ಬಿಣದ ಕೊಳವೆ, ಕರೆಂಟಿಗೆ ಸ್ಟೆಬಿಲೈಸರು. ಧಣಿ ಬಂದು ನೋಡಿ ತಲೆಯಾಡಿಸಿದರು. ಅಳತೆಯಾತನಿಗೆ ಗೇಟಿನ ಹತ್ತಿರ ಕುರ್ಚಿ ಸಿಕ್ಕಿತು. "ಈಗ ರಾತ್ರಿ ಮನಗಿದ್ರೆ ಕೆಮ್ಮು ಕಮ್ಮಿ ಸಾ" ಎಂದ.

ಟ್ಯಾಂಕಿನ ಮೇಲಿನ ಉಪಕರಣಕ್ಕೆ ಕಣ್ಣು ಮಾತ್ರ, ಬಾಯಿಲ್ಲ. ಅದು ಕಂಡದ್ದನ್ನು ಹೇಳುವುದು ಕೆಳಗಿನ ಡಿಸ್ಪ್ಲೇ ಪೆಟ್ಟಿಗೆ. ಪರೀಕ್ಷೆ ನಡೆಯುವಾಗ ಅದನ್ನು ಪಂಪಿನ ಶೆಡ್ಡಿನ ಮೇಜಿನ ಮೇಲೆ ಇಟ್ಟಿದ್ದೆ. ಎಲ್ಲ ಮುಗಿದ ಮೇಲೆ ಮ್ಯಾನೇಜರು, ಇಷ್ಟು ಬೆಲೆಬಾಳುವ ವಸ್ತು ಧೂಳಿನಲ್ಲಿ ಬೇಡ, ಬಂದವರಿಗೂ ಕಾಣಲಿ ಎಂದು ತಮ್ಮ ಕೋಣೆಯ ಗೋಡೆಗೆ, ತಮ್ಮ ಕುರ್ಚಿಗೆ ಎದುರಾಗಿ ಹಾಕಿಸಿಕೊಂಡರು. ಧೂಳಿಲ್ಲ, ನೆರಳಿದೆ, ಸ್ಟೆಬಿಲೈಸರು ಪಕ್ಕದಲ್ಲೇ ಇದೆ. ನಾನು ಚಿಂತೆ ಮಾಡದೆ ಒಪ್ಪಿಕೊಂಡ ಒಂದೇ ಒಂದು ವಿಷಯ ಅದು.

ಕೆಲವು ವಾರಗಳ ನಂತರದ ಒಂದು ಭಾನುವಾರ, ಚನ್ನರಾಯಪಟ್ಟಣದಲ್ಲಿ ನೆಂಟರ ಮನೆಯ ಊಟ ಮುಗಿಸಿ ಸ್ಕೂಟರಿನಲ್ಲಿ ಊರಿಗೆ ಮರಳುತ್ತಿದ್ದವನು, ಎಲ್ಲ ಸರಿಯಿದೆಯೋ ಇಲ್ಲವೋ ಎಂಬ ಚಿಂತೆಗೆ ಆವರಣದೊಳಕ್ಕೆ ತಿರುಗಿಸಿದೆ. ತುಂಬಿದ ಟ್ಯಾಂಕರುಗಳು ಸಾಲುಗಟ್ಟಿ ನಿಂತಿದ್ದವು. ಭಾನುವಾರ ಬರಬಾರದಿತ್ತು, ಬಂದಿದ್ದವು. ಚಾಲಕರು ಹಾರನ್ನು ಒತ್ತುತ್ತಿದ್ದರು. ಅಳತೆಯಿಲ್ಲದೆ ಪಂಪು ಹಾಕುವಂತಿಲ್ಲ.

ಮ್ಯಾನೇಜರ ಕೋಣೆಯ ಬಾಗಿಲಿಗೆ ಬೀಗ ಹಾಕಿತ್ತು. ಅವರು ನಾದಿನಿಯ ಮಗಳ ನಿಶ್ಚಿತಾರ್ಥಕ್ಕೆ ಅರಕಲಗೂಡಿಗೆ ಹೋಗಿದ್ದರು. ಕಿಟಕಿಯ ಗಾಜಿಗೆ ಮೂಗೊತ್ತಿ ನೋಡಿದೆ. ಪೆಟ್ಟಿಗೆ ಓರೆಯಾಗಿ ಕಾಣುತ್ತಿತ್ತು. ಅಂಕಿಗಳ ಕೆಂಪು ಬೆಳಕು ಖಾಲಿ ಕುರ್ಚಿಯ ಬೆನ್ನ ಮೇಲೆ ಬಿದ್ದಿತ್ತು, ಅಂಕಿಗಳು ಮಾತ್ರ ಓದಲಾಗಲಿಲ್ಲ. ಮೀಟರಿದ್ದರೆ ಉಪಕರಣದ ತಂತಿಗೇ ಹಿಡಿದು ಅಳತೆ ತಿಳಿಯಬಹುದಿತ್ತು; ನನ್ನ ಮೀಟರು, ಸ್ಪ್ಯಾನರುಗಳ ಚೀಲ ಮನೆಯಲ್ಲಿತ್ತು.

"ಲೇ, ಏನ್ ಪಂಚಾಂಗ ನೋಡ್ತಿದ್ದೀರ್ಲಾ? ಬ್ಯಾಗ ಬಿಚ್ಸಿ!" ಎಂದು ಯಾರೋ ಚಾಲಕ ಕೂಗಿದ.

ಅಳತೆಯಾತ ಕುರ್ಚಿಯಿಂದ ಎದ್ದು, ಶೆಡ್ಡಿನಿಂದ ಹಳೆಯ ಟೇಪು ತಂದು, ಗುಂಡನ್ನು ಲುಂಗಿಯಲ್ಲಿ ಒರೆಸಿದ.

"ನಾನ್ ಹತ್ತೀನಿ, ಕೊಡು" ಎಂದೆ.

"ಬ್ಯಾಡ ಸಾ. ವಸಾ ಬಟ್ಟೆ ಆಕಂಡಿದ್ದೀರ. ಓದ್ಸಾರಿ ಮ್ಯಾಲೇನ್ ಮಾಡುದ್ರಿ ಅಂತ ನಾ ನೋಡಿಲ್ವಾ?"

ನಗುತ್ತಲೇ ಹತ್ತತೊಡಗಿದ. ಹಿಂದೆಯೇ ನಾನೂ ಹತ್ತಿದೆ, ಬಿದ್ದರೆ ಹಿಡಿದುಬಿಡುವವನ ಹಾಗೆ ಎರಡೂ ಕೈ ಮುಂದೆ ಚಾಚಿಕೊಂಡು. ಮೊದಲ ತಿರುವಿನಲ್ಲಿ ನಗು ನಿಂತಿತು. ಎರಡನೆಯದರಲ್ಲಿ ಆತನೇ ನಿಂತ. ಕಂಬಿಗೆ ಹಣೆ ಆನಿಸಿಕೊಂಡ. ಅಂಗಿಯ ಬೆನ್ನು ಒಳಕ್ಕೂ ಹೊರಕ್ಕೂ ಹೋಗುವುದು ನನ್ನ ಕಣ್ಣಿನ ನೇರಕ್ಕೆ ಕಾಣುತ್ತಿತ್ತು. ಕೆಳಗೆ ಮತ್ತೆ ಹಾರನ್ನು.

ಆಮೇಲೆ ಮೇಲೆ ಹೋಗಿ, ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಹಿಡಿದು ಮುಚ್ಚಳ ಎತ್ತಿದ.

ರೇಡಾರು ಸರಿಯಾಗಿತ್ತು. ಸಿಡಿಲು ಬಡಿದಿರಲಿಲ್ಲ, ಇಲಿ ಕಡಿದಿರಲಿಲ್ಲ, ಛಾವಣಿಯೂ ಗಟ್ಟಿಯಾಗಿತ್ತು. ಬೀಗದ ಕೈ ಅರಕಲಗೂಡಿನಲ್ಲಿ, ಮ್ಯಾನೇಜರ ಜೇಬಿನಲ್ಲಿತ್ತು.